ಒಗ್ಗಿಹೋಗಿದ್ದು ಮಾವನವರ ಮೈ ಅಲ್ಲ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಇರುವವರು. ಮಾವನವರಿಗೆ 72 ವರ್ಷ. ಹೋದ ವರ್ಷ ಉರಿಮೂತ್ರ ಆದಾಗ ಡಾಕ್ಟರು ಸಿಪ್ರೋಫ್ಲಾಕ್ಸಾಸಿನ್ ಕೊಟ್ಟಿದ್ದರು. ಮೂರೇ ದಿನಕ್ಕೆ ಆರಾಮಾಯಿತು, ಉಳಿದ ಮಾತ್ರೆ ಎತ್ತಿಟ್ಟಿದ್ದೆ. ಈ ಸಲ ಮತ್ತೆ ಉರಿ, ಚಳಿಜ್ವರ ಬಂತು. ಅದೇ ಮಾತ್ರೆ ಕೊಟ್ಟೆ, ಸಾಲದ್ದನ್ನು ಕೆಳಗಿನ ಮೆಡಿಕಲ್‌ನಿಂದ ತಂದೆ. ಏನೂ ಇಳಿಯಲಿಲ್ಲ. ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದರೆ ‘ಇ. ಕೋಲೈ, ಇಎಸ್‌ಬಿಎಲ್ ಪಾಸಿಟಿವ್’ ಅಂತ ಬಂದಿದೆ. ಹದಿನಾಲ್ಕು ಔಷಧಿಗಳಲ್ಲಿ ಹತ್ತರ ಮುಂದೆ ‘ಆರ್’, ಅಂದರೆ ನಾಟುವುದಿಲ್ಲ ಅಂತ. ಅದರಲ್ಲಿ ಎಷ್ಟೋ ಔಷಧಿ ಅವರು ಜನ್ಮದಲ್ಲಿ ತಗೊಂಡಿಲ್ಲ. ನೈಟ್ರೋಫ್ಯುರಾಂಟಾಯಿನ್, ಫಾಸ್ಫೋಮೈಸಿನ್, ಅಮಿಕಾಸಿನ್, ಮೆರೊಪೆನೆಮ್ ಈ ನಾಲ್ಕಕ್ಕೆ ಮಾತ್ರ ‘ಎಸ್’, ಅಂದರೆ ನಾಟುತ್ತದೆ ಅಂತ. ಅವರ ಮೈಗೆ ಔಷಧಿ ಒಗ್ಗಿಹೋಗಿದೆಯಾ? ಡೋಸ್ ಜಾಸ್ತಿ ಮಾಡಿದರೆ ಆಗದೇ? ಮನೆಯಲ್ಲಿ ಎರಡು ವರ್ಷದ ಮಗು ಇದೆ, ಅದಕ್ಕೂ ಅಂಟುತ್ತಾ? ರಿಪೋರ್ಟೇ ತಪ್ಪಾಗಿರಬಹುದಾ?

ಉತ್ತರ: ಮೊದಲು ಒಂದು ಮಾತು. ಚಳಿಜ್ವರ ಅಂದಿರಿ. ಈ ವಯಸ್ಸಿನವರಿಗೆ ಉರಿಮೂತ್ರದ ಜೊತೆ ನಡುಕ, ಜ್ವರ ಬಂದರೆ ಸೋಂಕು ಮೂತ್ರಕೋಶದಲ್ಲೇ ನಿಂತಿದೆ ಅಂತ ಹೇಳಲು ಬರುವುದಿಲ್ಲ. ಮೇಲೆ ಕಿಡ್ನಿಗೋ, ಪಕ್ಕದ ಪ್ರಾಸ್ಟೇಟ್ ಗ್ರಂಥಿಗೋ ಹೋಗಿರಬಹುದು. ರಿಪೋರ್ಟ್ ಹಿಡಿದುಕೊಂಡು ಇವತ್ತೇ ಡಾಕ್ಟರ ಹತ್ತಿರ ಹೋಗಿ. ಈ ಉತ್ತರವನ್ನು ಆಮೇಲೆ ಓದಿದರೂ ನಡೆಯುತ್ತದೆ.

ಹೋಗಿ ಬಂದಿರಾ? ಸರಿ, ಈಗ ಕೂತು ಮಾತಾಡೋಣ.

‘ಮೈಗೆ ಒಗ್ಗಿಹೋಗಿದೆ’ ಅನ್ನುವ ಮಾತನ್ನು ದಾದರಿನ ನಮ್ಮ ಲ್ಯಾಬಿನಲ್ಲಿ ನಾನು ವಾರಕ್ಕೆ ಒಂದು ಸಲವಾದರೂ ಕೇಳುತ್ತೇನೆ. ಕಾಫಿ ಕುಡಿದೂ ಕುಡಿದೂ ಕೊನೆಗೆ ರಾತ್ರಿ ಕುಡಿದರೂ ನಿದ್ದೆ ಬರುತ್ತದಲ್ಲ, ಇದೂ ಹಾಗೇ ಅಂದುಕೊಳ್ಳುತ್ತಾರೆ. ಹಾಗಲ್ಲ. ಆ ‘ಆರ್’ ಎಲ್ಲಿಂದ ಬಂತು ಅಂತ ತೋರಿಸಿದರೆ ನಿಮಗೇ ಗೊತ್ತಾಗುತ್ತದೆ.

ಮಾವನವರ ಮೂತ್ರದಲ್ಲಿ ಒಂದು ಹನಿಗಿಂತಲೂ ಎಷ್ಟೋ ಕಡಿಮೆಯನ್ನು ತಂತಿಯ ಕುಣಿಕೆಯಲ್ಲಿ ಎತ್ತಿ, ಬ್ಯಾಕ್ಟೀರಿಯಾಕ್ಕೆ ಊಟವಾಗುವ ಮ್ಯಾಕಾಂಕಿ ಅಗರ್ ತುಂಬಿದ ತಟ್ಟೆಯ ಮೇಲೆ ಗೀರು ಎಳೆಯುತ್ತೇವೆ. ಮರುದಿನ ಬೆಳಿಗ್ಗೆ ತೆಗೆದು ನೋಡಿದರೆ ಸಾಸಿವೆಗಿಂತ ಸ್ವಲ್ಪ ದೊಡ್ಡ, ಗುಲಾಬಿ ಬಣ್ಣದ ಚುಕ್ಕಿಗಳು. ಅದು ಇ. ಕೋಲೈ. ಒಂದೊಂದು ಚುಕ್ಕಿಯೂ ಒಂದೇ ಬ್ಯಾಕ್ಟೀರಿಯಾದ ಮಕ್ಕಳು ಮೊಮ್ಮಕ್ಕಳ ಗುಂಪು. ಅದರಲ್ಲಿ ಕೆಲವನ್ನು ಉಪ್ಪುನೀರಿನಲ್ಲಿ ಕದಡಿ, ಹತ್ತಿಕಡ್ಡಿಯಿಂದ ಇನ್ನೊಂದು ತಟ್ಟೆಯ ತುಂಬ ಸವರುತ್ತೇವೆ, ಕಾವಲಿಗೆ ಎಣ್ಣೆ ಸವರಿದ ಹಾಗೆ, ಎಲ್ಲೂ ಜಾಗ ಬಿಡದೆ. ಅದರ ಮೇಲೆ 6 ಮಿ.ಮೀ. ಅಗಲದ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಒಂದೊಂದರಲ್ಲಿ ಒಂದೊಂದು ಔಷಧಿ. ಆಮೇಲೆ 35 ಡಿಗ್ರಿ ಬಿಸಿಯಲ್ಲಿ 16ರಿಂದ 18 ಗಂಟೆ.

ಬೆಳಿಗ್ಗೆ ತಟ್ಟೆ ಪೂರ್ತಿ ಮಂಜು ಕವಿದ ಹಾಗೆ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಔಷಧಿ ನಾಟಿದ ಕಡೆ ಮಾತ್ರ ಬಿಲ್ಲೆಯ ಸುತ್ತ ಖಾಲಿ ವೃತ್ತ. ಅದನ್ನು ಸ್ಕೇಲ್ ಇಟ್ಟು ಅಳೆಯುತ್ತೇವೆ. ಸಿಪ್ರೋಫ್ಲಾಕ್ಸಾಸಿನ್‌ಗೆ 26 ಮಿ.ಮೀ. ಅಥವಾ ಜಾಸ್ತಿ ಬಂದರೆ ‘ಎಸ್’. 21 ಅಥವಾ ಕಡಿಮೆ ಬಂದರೆ ‘ಆರ್’. ನಡುವೆ ಬಿದ್ದರೆ ‘ಐ’. ನಿಮ್ಮ ಮಾವನವರ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಆ ಬಿಲ್ಲೆಯ ಅಂಚಿನ ತನಕ ಬೆಳೆದಿದ್ದರೂ ಆಶ್ಚರ್ಯ ಇಲ್ಲ, ಅಂಥವನ್ನು ದಿನಾ ನೋಡುತ್ತೇನೆ.

ಗಮನಿಸಿದಿರಾ? ಈ ಪರೀಕ್ಷೆಯಲ್ಲಿ ಮಾವನವರ ಮೈ ಇಲ್ಲವೇ ಇಲ್ಲ. ತಟ್ಟೆ, ಬ್ಯಾಕ್ಟೀರಿಯಾ, ಔಷಧಿ, ಇಷ್ಟೇ. ಆದರೂ ‘ಆರ್’ ಬಂತು. ಹಾಗಾಗಿ ಮೈ ಹೋದ ವರ್ಷದ್ದೇ. ಬದಲಾಗಿರುವುದು ಅದರೊಳಗೆ ಬಿಡಾರ ಹೂಡಿರುವವರು.

ಔಷಧಿ ಬ್ಯಾಕ್ಟೀರಿಯಾವನ್ನು ಹೇಗೆ ಕೊಲ್ಲುತ್ತದೆ ಅನ್ನುವುದು ಗೊತ್ತಿದ್ದರೆ ಅದು ತಪ್ಪಿಸಿಕೊಳ್ಳುವುದು ಹೇಗೆ ಅನ್ನುವುದೂ ಗೊತ್ತಾಗುತ್ತದೆ. ವಾಶಿ ಮಾರ್ಕೆಟ್ಟಿನಿಂದ ಈರುಳ್ಳಿ ಬರುವ ಕೆಂಪು ಬಲೆಯ ಚೀಲ ನೋಡಿದ್ದೀರಲ್ಲ. ಇ. ಕೋಲೈಯ ಗೋಡೆಯೊಳಗೆ ಅಂಥದ್ದೇ ಒಂದು ಬಲೆ ಇದೆ. ಒಳಗಿನ ಒತ್ತಡ ತಡೆದುಕೊಂಡಿರುವುದೇ ಅದು. ಬ್ಯಾಕ್ಟೀರಿಯಾ ದೊಡ್ಡದಾಗುತ್ತಾ ಹೋದ ಹಾಗೆ ಬಲೆಯ ದಾರ ಬಿಚ್ಚಿ ಹೊಸ ಗಂಟು ಹಾಕುತ್ತಿರಬೇಕು. ಪೆನಿಸಿಲಿನ್ ಹೋಗಿ ಆ ಗಂಟು ಹಾಕುವ ಕಿಣ್ವದ ಕೈ ಹಿಡಿದುಕೊಳ್ಳುತ್ತದೆ. ಬಿಚ್ಚುವ ಕೆಲಸ ನಡೆಯುತ್ತಲೇ ಇರುತ್ತದೆ, ಕಟ್ಟುವ ಕೆಲಸ ನಿಲ್ಲುತ್ತದೆ. ಹೊರಗಿನ ನೀರು ಒಳಗೆ ನುಗ್ಗಿ ಚೀಲ ಒಡೆಯುತ್ತದೆ. ನಮ್ಮ ಜೀವಕೋಶಗಳಿಗೆ ಇಂಥ ಬಲೆಯೇ ಇಲ್ಲ, ಅದಕ್ಕೇ ಪೆನಿಸಿಲಿನ್ ನಮ್ಮನ್ನು ಮುಟ್ಟುವುದಿಲ್ಲ. ಅಲರ್ಜಿ ಇದ್ದವರ ಕತೆ ಬೇರೆ. ರಿಪೋರ್ಟಿನಲ್ಲಿರುವ ಆ್ಯಂಪಿಸಿಲಿನ್, ‘ಸೆಫ್’ ಅಂತ ಶುರುವಾಗುವ ಎಲ್ಲ ಹೆಸರು, ಮೆರೊಪೆನೆಮ್, ಎಲ್ಲ ಇದೇ ಕುಟುಂಬ.

ಸಿಪ್ರೋಫ್ಲಾಕ್ಸಾಸಿನ್‌ನದು ಇನ್ನೊಂದು ದಾರಿ. ಇ. ಕೋಲೈಯ ಉದ್ದ ಒಂದು ಮಿಲಿಮೀಟರಿನ ಐನೂರನೇ ಒಂದು ಪಾಲು. ಅದರ ಡಿಎನ್‌ಎ ಬಿಚ್ಚಿ ಹಿಡಿದರೆ ಸುಮಾರು ಒಂದೂವರೆ ಮಿಲಿಮೀಟರ್. ಅಷ್ಟನ್ನು ಒಳಗೆ ಸುತ್ತಿಟ್ಟಿದೆ. ನಕಲು ಮಾಡುವಾಗ ದಾರ ಗೋಜಲಾಗುತ್ತದೆ. ಗೋಜಲು ಬಿಡಿಸಲು ಗೈರೇಸ್ ಅನ್ನುವ ಕಿಣ್ವ ದಾರವನ್ನು ಕತ್ತರಿಸಿ, ಸರಿಮಾಡಿ, ಮತ್ತೆ ಅಂಟಿಸುತ್ತದೆ. ಸಿಪ್ರೋಫ್ಲಾಕ್ಸಾಸಿನ್ ಕತ್ತರಿಸುವ ತನಕ ಸುಮ್ಮನಿದ್ದು, ಅಂಟಿಸುವ ಹೊತ್ತಿಗೆ ಹಿಡಿದುಹಾಕುತ್ತದೆ. ದಾರ ತುಂಡು ತುಂಡು. ಅಮಿಕಾಸಿನ್ ಬ್ಯಾಕ್ಟೀರಿಯಾದ ಪ್ರೋಟೀನ್ ಕಟ್ಟುವ ಯಂತ್ರಕ್ಕೆ ಅಂಟಿಕೊಂಡು, ಅದು ತಪ್ಪು ತಪ್ಪಾಗಿ ಓದುವ ಹಾಗೆ ಮಾಡುತ್ತದೆ. ನನಗೆ ಬಹಳ ಇಷ್ಟವಾದದ್ದು ನೈಟ್ರೋಫ್ಯುರಾಂಟಾಯಿನ್, 1950ರ ದಶಕದ ಮುದುಕ. ಅದು ಒಳಗೆ ಹೋಗುವಾಗ ವಿಷವೇ ಅಲ್ಲ. ಬ್ಯಾಕ್ಟೀರಿಯಾದ ಕಿಣ್ವಗಳೇ ಅದನ್ನು ವಿಷ ಮಾಡಿಕೊಳ್ಳುತ್ತವೆ! ಆಮೇಲೆ ಅದು ಒಂದೇ ಕಡೆ ಹೊಡೆಯುವುದಿಲ್ಲ, ಸಿಕ್ಕ ಸಿಕ್ಕಲ್ಲಿ ಹೊಡೆಯುತ್ತದೆ. ಒಂದು ಕಡೆ ಬದಲಾಯಿಸಿಕೊಂಡು ಪಾರಾಗುವುದು ಕಷ್ಟ. ಎಪ್ಪತ್ತು ವರ್ಷ ಆದಮೇಲೂ ಮಾವನವರ ರಿಪೋರ್ಟಿನಲ್ಲಿ ಅದರ ಮುಂದೆ ‘ಎಸ್’ ಇರುವುದಕ್ಕೆ ಇದು ದೊಡ್ಡ ಕಾರಣ.

ಇನ್ನು ಬ್ಯಾಕ್ಟೀರಿಯಾದ ಕಡೆಯ ಉಪಾಯಗಳು. ಗೈರೇಸ್ ತಯಾರಿಸುವ ಡಿಎನ್‌ಎಯಲ್ಲಿ ಒಂದು ಅಕ್ಷರ ಬದಲಾದರೂ ಸಾಕು, ಸಿಪ್ರೋಫ್ಲಾಕ್ಸಾಸಿನ್‌ನ ಹಿಡಿತ ಸಡಿಲವಾಗುತ್ತದೆ. ಕೆಲವು ಒಳಗೆ ಬಂದ ಔಷಧಿಯನ್ನು ಪಂಪು ಹಾಕಿ ಹೊರಗೆ ಚೆಲ್ಲುತ್ತವೆ, ಮಳೆಗಾಲದಲ್ಲಿ ಹಿಂದ್‌ಮಾತಾದ ಅಂಗಡಿಯವರು ನೀರು ಚೆಲ್ಲುವ ಹಾಗೆ. ಕೆಲವು ಔಷಧಿ ಬರುವ ಬಾಗಿಲನ್ನೇ ಮುಚ್ಚುತ್ತವೆ. ನಿಮ್ಮ ರಿಪೋರ್ಟಿನ ‘ಇಎಸ್‌ಬಿಎಲ್’ ಅನ್ನುವುದು ಒಂದು ಕತ್ತರಿ. ಪೆನಿಸಿಲಿನ್‌ಗಳ, ‘ಸೆಫ್’ಗಳ ಮೈಯಲ್ಲಿ ನಾಲ್ಕು ಮೂಲೆಯ ಒಂದು ಉಂಗುರ ಇದೆ, ಔಷಧಿಯ ಕೆಲಸವೆಲ್ಲ ಅದರಿಂದಲೇ. ಇಎಸ್‌ಬಿಎಲ್ ಆ ಉಂಗುರವನ್ನು ಕತ್ತರಿಸಿ ಬಿಸಾಡುತ್ತದೆ. ಮೆರೊಪೆನೆಮ್‌ನ ಉಂಗುರ ಅದಕ್ಕೆ ಸುಲಭವಾಗಿ ಸಿಗುವುದಿಲ್ಲ. ನಾವು ಇದನ್ನು ಖಚಿತ ಮಾಡಿಕೊಳ್ಳುವುದು ಹೀಗೆ: ಒಂದು ಬಿಲ್ಲೆಯಲ್ಲಿ ಸೆಫೋಟ್ಯಾಕ್ಸಿಮ್ ಒಂದೇ, ಇನ್ನೊಂದರಲ್ಲಿ ಅದರ ಜೊತೆ ಆ ಕತ್ತರಿಯನ್ನು ಮೊಂಡು ಮಾಡುವ ಕ್ಲಾವುಲಾನಿಕ್ ಆ್ಯಸಿಡ್. ಎರಡನೆಯದರ ವೃತ್ತ ಮೊದಲನೆಯದಕ್ಕಿಂತ 5 ಮಿ.ಮೀ. ಅಥವಾ ಇನ್ನೂ ಹೆಚ್ಚು ದೊಡ್ಡದಾಯಿತೋ, ಕತ್ತರಿ ಇದೆ ಅಂತಲೇ.

ಈ ಕತ್ತರಿಯ ಅಣ್ಣ ಪೆನಿಸಿಲಿನ್‌ಗಿಂತ ಮೊದಲೇ ತಯಾರಿದ್ದ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಲಂಡನ್ನಿನಲ್ಲಿ ಬೂಸು ಹಿಡಿದ ತಟ್ಟೆ ನೋಡಿದ್ದು 1928ರಲ್ಲಿ. ಆಕ್ಸ್‌ಫರ್ಡಿನ ಏಬ್ರಹಾಂ ಮತ್ತು ಚೇನ್ ಪೆನಿಸಿಲಿನ್ ಹಾಳುಮಾಡುವ ಕಿಣ್ವ ಕಂಡದ್ದನ್ನು ಬರೆದದ್ದು 1940ರಲ್ಲಿ, ಆ ಔಷಧಿ ಇನ್ನೂ ಯಾವ ಅಂಗಡಿಗೂ ಬಂದಿರಲಿಲ್ಲ. ಅವರಿಗೆ ಅದು ಸಿಕ್ಕಿದ್ದೂ ಇ. ಕೋಲೈಯಲ್ಲೇ. 2011ರಲ್ಲಿ ಕೆನಡಾದ ಯೂಕಾನ್‌ನ 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲೂ ಇಂಥ ಜೀನ್‌ಗಳು ಸಿಕ್ಕವು. ಯಾಕೆ ಅಂದರೆ ಎಷ್ಟೋ ಆ್ಯಂಟಿಬಯೋಟಿಕ್‌ಗಳು ನಾವು ಕಂಡುಹಿಡಿದ ಸರಕೇ ಅಲ್ಲ, ಮಣ್ಣಿನಲ್ಲಿ ಬೂಸು, ಬ್ಯಾಕ್ಟೀರಿಯಾಗಳು ತಮ್ಮತಮ್ಮಲ್ಲೇ ಬಳಸುತ್ತಿದ್ದದ್ದು. ಜೂನ್‌ನಲ್ಲಿ ಮೊದಲ ಮಳೆ ಬಿದ್ದಾಗ ಮಣ್ಣು ಘಮ್ ಅನ್ನುತ್ತದಲ್ಲ, ಆ ವಾಸನೆಯ ಒಂದು ಭಾಗ ಸ್ಟ್ರೆಪ್ಟೊಮೈಸೀಸ್ ಅನ್ನುವ ಬ್ಯಾಕ್ಟೀರಿಯಾದ್ದು. ಟಿಬಿಯ ಮೊದಲ ಮದ್ದು ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೂ ಅದೇ ಕುಲದಿಂದ, 1943ರಲ್ಲಿ. ಪುಣೆ ಹತ್ತಿರದ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆಯಲ್ಲೂ ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಬೆಳೆಸುತ್ತಿದ್ದದ್ದು ಇಂಥ ಜೀವಿಗಳನ್ನೇ.

ಹಾಗಾದರೆ ಹೋದ ವರ್ಷ ಔಷಧಿಯ ಮಾತು ಕೇಳಿದ ಬ್ಯಾಕ್ಟೀರಿಯಾ ಈ ವರ್ಷ ಯಾಕೆ ಕೇಳಲಿಲ್ಲ? ಔಷಧಿ ನೋಡಿ ಅದು ಪಾಠ ಕಲಿಯಿತಾ? ಈ ಅನುಮಾನವನ್ನು 1952ರಲ್ಲಿ ಅಮೆರಿಕದ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ ಒಂದು ಮಖಮಲ್ ಬಟ್ಟೆಯಿಂದ ಬಗೆಹರಿಸಿದರು. ಔಷಧಿ ಇಲ್ಲದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿದರು. ಅದರ ಮೇಲೆ ಮಖಮಲ್ ಒತ್ತಿದರು. ಅದನ್ನೇ ಸ್ಟ್ರೆಪ್ಟೊಮೈಸಿನ್ ಇರುವ ಬೇರೆ ಬೇರೆ ತಟ್ಟೆಗಳ ಮೇಲೆ ಮುದ್ರೆ ಹಾಕಿದ ಹಾಗೆ ಒತ್ತಿದರು. ಬಹುತೇಕ ಎಲ್ಲ ಸತ್ತವು. ಬದುಕಿದ್ದವು ಕೆಲವೇ ಕೆಲವು. ಆದರೆ ಎಲ್ಲ ತಟ್ಟೆಯಲ್ಲೂ ಅದೇ ಜಾಗದಲ್ಲಿ! ಆಮೇಲೆ ಮೂಲ ತಟ್ಟೆಯ ಅದೇ ಜಾಗ ಹುಡುಕಿದರೆ, ಔಷಧಿಯ ಮುಖವನ್ನೇ ನೋಡದ ಆ ಬ್ಯಾಕ್ಟೀರಿಯಾಗಳು ಮೊದಲೇ ಅದಕ್ಕೆ ಬಗ್ಗದವು ಆಗಿದ್ದವು. ಔಷಧಿ ಅವುಗಳಿಗೆ ಏನನ್ನೂ ಕಲಿಸಲಿಲ್ಲ. ಉಳಿದವರನ್ನು ಕೊಂದು ಅವುಗಳಿಗೆ ಜಾಗ ಖಾಲಿ ಮಾಡಿಕೊಟ್ಟಿತು, ಅಷ್ಟೇ.

ಜಾಗ ಖಾಲಿಯಾದರೆ ತುಂಬುವುದಕ್ಕೆ ಎಷ್ಟು ಹೊತ್ತು? ಒಳ್ಳೆ ಊಟ, ಬಿಸಿ ಇದ್ದರೆ ಇ. ಕೋಲೈ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಲೆಕ್ಕ ಹಾಕಿ: ಒಂದೇ ಒಂದು, 10 ಗಂಟೆಯಲ್ಲಿ 107 ಕೋಟಿ. ಮೇ ತಿಂಗಳಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಪಾತ್ರೆ ಮೀರಿ ಒಲೆಕಟ್ಟೆಗೆ ಇಳಿದಿರುತ್ತದಲ್ಲ, ಅದೂ ಬ್ಯಾಕ್ಟೀರಿಯಾಗಳ ಕೆಲಸವೇ. ಅಷ್ಟು ಕೋಟಿ ಸಲ ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪದೇ ಇರುತ್ತದಾ?

ಇನ್ನು, ತಗೊಳ್ಳದ ಔಷಧಿಗೂ ‘ಆರ್’ ಯಾಕೆ ಅಂದಿರಿ. ಇದು ನೀವು ಕೇಳಿದ್ದರಲ್ಲೇ ಒಳ್ಳೆಯ ಪ್ರಶ್ನೆ. ಬ್ಯಾಕ್ಟೀರಿಯಾಗಳ ಹತ್ತಿರ ಮುಖ್ಯ ಡಿಎನ್‌ಎ ಅಲ್ಲದೆ ಪ್ಲಾಸ್ಮಿಡ್ ಅನ್ನುವ ಸಣ್ಣ ಡಿಎನ್‌ಎ ಬಳೆಗಳು ಇರುತ್ತವೆ. ಒಂದು ಬ್ಯಾಕ್ಟೀರಿಯಾ ಪಕ್ಕದ್ದಕ್ಕೆ ತಾಗಿ ನಿಂತು ಅದರ ನಕಲನ್ನು ದಾಟಿಸಿಬಿಡುತ್ತದೆ. ಮಗನಿಗೆ, ಮೊಮ್ಮಗನಿಗೆ ಮಾತ್ರ ಅಲ್ಲ, ನೆರೆಮನೆಯವನಿಗೂ, ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ. ಇಎಸ್‌ಬಿಎಲ್ ಕತ್ತರಿಯ ಜೀನ್ ಸಾಮಾನ್ಯವಾಗಿ ಇರುವುದು ಇಂಥ ಬಳೆಯಲ್ಲೇ. ಅದೇ ಬಳೆಯಲ್ಲಿ ಸಲ್ಫಾ, ಜೆಂಟಾಮೈಸಿನ್ ಇವುಗಳಿಗೆ ಬಗ್ಗದಿರುವ ಜೀನ್‌ಗಳೂ ಪೋಣಿಸಿಕೊಂಡಿರಬಹುದು. ಹಾಗಾಗಿ ಒಂದು ಔಷಧಿ ತಗೊಂಡರೂ ಉಳಿಯುವುದು ಇಡೀ ಬಳೆ. ಜಪಾನಿನಲ್ಲಿ 1950ರ ದಶಕದಲ್ಲಿ ಆಮಶಂಕೆಯ ಬ್ಯಾಕ್ಟೀರಿಯಾ ಒಂದೇ ಏಟಿಗೆ ನಾಲ್ಕು ಔಷಧಿಗಳಿಗೆ ಬಗ್ಗದೇ ಹೋದಾಗ ಅಲ್ಲಿನ ವೈದ್ಯರು ತಲೆ ಕೆರೆದುಕೊಂಡಿದ್ದೂ ಇದಕ್ಕೇ.

ಇದೆಲ್ಲ ನಡೆಯುವ ಸಂತೆ ಮೂತ್ರಕೋಶ ಅಲ್ಲ, ಕರುಳು. ಉರಿಮೂತ್ರದ ಇ. ಕೋಲೈ ಸಾಮಾನ್ಯವಾಗಿ ಅವರವರ ಕರುಳಿಂದಲೇ ಬರುವುದು. ಈಗ ನೆನಪು ಮಾಡಿಕೊಳ್ಳಿ. ಎರಡು ವರ್ಷದಲ್ಲಿ ಮಾವನವರು ಎಷ್ಟು ಸಲ ಆ್ಯಂಟಿಬಯೋಟಿಕ್ ತಗೊಂಡರು? ಶೀತಕ್ಕೆ ಅಜಿಥ್ರೋಮೈಸಿನ್, ಭೇದಿಗೆ ಇನ್ನೇನೋ, ಹಲ್ಲಿಗೆ ಮತ್ತೊಂದು? ಶೀತ ವೈರಸ್ಸಿನದ್ದು, ಅದಕ್ಕೆ ಈ ಮಾತ್ರೆಯಿಂದ ಏನೂ ಆಗುವುದಿಲ್ಲ. ಆದರೆ ಮಾತ್ರೆ ಕರುಳಿನ ಮೂಲಕ ಹೋಗೇ ಹೋಗುತ್ತದೆ. ಪ್ರತಿ ಸಲ ಸಾಧು ಬ್ಯಾಕ್ಟೀರಿಯಾ ಸತ್ತು, ಬಗ್ಗದವಕ್ಕೆ ಜಾಗ ಜಾಸ್ತಿಯಾಗುತ್ತದೆ. ತಿಂಗಳುಗಟ್ಟಲೆ ಅವು ಅಲ್ಲೇ ಇರುತ್ತವೆ.

ನೀವು ಹೋದ ವರ್ಷ ಮೂರೇ ದಿನಕ್ಕೆ ನಿಲ್ಲಿಸಿದ್ದಕ್ಕೇ ಹೀಗಾಯಿತಾ ಅಂತ ಮನಸ್ಸಿನಲ್ಲಿ ಕೊರೆಯುತ್ತಿರಬಹುದು. ಎಲ್ಲರೂ ಹಾಗೇ ಹೇಳುತ್ತಾರೆ. ನನಗೆ ಅಷ್ಟು ಒಪ್ಪಿಗೆ ಇಲ್ಲ. ಕೆಲವು ಸೋಂಕುಗಳಿಗೆ ಕಡಿಮೆ ದಿನದ ಔಷಧಿಯೇ ಸಾಕು ಅಂತ ಈಗ ಗೊತ್ತಾಗಿದೆ. ಕರುಳಿನ ಲೆಕ್ಕದಲ್ಲಿ ದಿನ ಜಾಸ್ತಿಯಾದಷ್ಟೂ ನಷ್ಟವೇ. ಆದರೆ ಎಷ್ಟು ದಿನ ಅನ್ನುವುದನ್ನು ಡಾಕ್ಟರನ್ನು ಮೊದಲೇ ಕೇಳಿ, ಅಷ್ಟು ದಿನ ಕೊಡಿ. ಗಂಡಸರ ಉರಿಮೂತ್ರಕ್ಕೆ ಹೆಚ್ಚು ದಿನ ಬೇಕಾಗುವುದುಂಟು. ಟಿಬಿಗಂತೂ ಒಂದು ದಿನವೂ ತಪ್ಪಿಸುವ ಹಾಗಿಲ್ಲ, ಆರು ತಿಂಗಳು ಅಂದರೆ ಆರು ತಿಂಗಳು. ನಮ್ಮ ಮುಂಬೈಯಲ್ಲೇ ಮಾಹಿಮ್‌ನ ಹಿಂದುಜಾ ಆಸ್ಪತ್ರೆಯ ವೈದ್ಯರು, ಪರೀಕ್ಷೆ ಮಾಡಿದ ಯಾವ ಔಷಧಿಗೂ ಬಗ್ಗದ ಟಿಬಿಯ ಬಗ್ಗೆ 2012ರಲ್ಲಿ ಬರೆದಾಗ ಊರಿಗೆ ಊರೇ ಬೆಚ್ಚಿತ್ತು.

ನಿಮ್ಮ ತಪ್ಪು ಯಾವುದು ಅಂದರೆ, ಉಳಿದ ಮಾತ್ರೆ ಎತ್ತಿಟ್ಟದ್ದು ಮತ್ತು ಕಲ್ಚರ್ ಮಾಡಿಸುವ ಮೊದಲೇ ಅದನ್ನು ಕೊಟ್ಟದ್ದು. ಬೇಜಾರು ಮಾಡಿಕೊಳ್ಳಬೇಡಿ. ಅರ್ಧ ಮುಂಬೈಯ ಮನೆಗಳಲ್ಲಿ ಹಳೇ ಬಿಸ್ಕತ್ ಡಬ್ಬಿಯೊಳಗೆ ಇಂಥ ಸ್ಟ್ರಿಪ್ ಇರುತ್ತವೆ. ಹಾಗೆ ನೋಡಿದರೆ ಕೆಳಗಿನ ಮೆಡಿಕಲ್‌ನವರೂ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಸ್ಟ್ರಿಪ್ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇದೆಯಲ್ಲ, ಅದು ಅಲಂಕಾರಕ್ಕಲ್ಲ. ಸೆಫಿಕ್ಸಿಮ್, ಮೆರೊಪೆನೆಮ್ ಥರದವಕ್ಕೆ 2014ರ ಮಾರ್ಚ್‌ನಿಂದ ನಿಯಮ ಇನ್ನೂ ಬಿಗಿ. ಯಾರು ಬರೆದುಕೊಟ್ಟರು, ಯಾರಿಗೆ ಮಾರಿದೆ ಅಂತ ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು.

ಡೋಸ್ ಜಾಸ್ತಿ ಮಾಡುವ ವಿಚಾರ. ಆ 26, 21ರ ಲೆಕ್ಕವನ್ನು ಸುಮ್ನೆ ಹಾಕಿಲ್ಲ. ಮಾಮೂಲಿ ಡೋಸ್ ತಗೊಂಡರೆ ಮೈಯಲ್ಲಿ ಔಷಧಿ ಎಷ್ಟರ ಮಟ್ಟಿಗೆ ಏರುತ್ತದೆ ಅನ್ನುವುದನ್ನೂ ನೋಡಿಯೇ ಹಾಕಿದ್ದು. ‘ಐ’ ಬಂದಾಗ ಡಾಕ್ಟರು ಡೋಸ್ ಏರಿಸಿ ನೋಡುವುದು ಉಂಟು. ‘ಆರ್’ ಅಂದರೆ ಎರಡರಷ್ಟು ಕೊಟ್ಟರೂ ಬ್ಯಾಕ್ಟೀರಿಯಾಕ್ಕೆ ಏನೂ ಆಗದು, ಮಾವನವರಿಗೆ ಆಗುತ್ತದೆ. ಸಿಪ್ರೋಫ್ಲಾಕ್ಸಾಸಿನ್ ಅರವತ್ತು ದಾಟಿದವರಲ್ಲಿ ಹಿಮ್ಮಡಿಯ ಸ್ನಾಯುರಜ್ಜುವನ್ನೇ ಹರಿಯುವ ಅಪಾಯ ಇರುವ ಮಾತ್ರೆ.

ಹಾಗೆಯೇ ‘ಎಸ್’ ಇರುವುದನ್ನೆಲ್ಲ ನೀವೇ ತಂದು ಕೊಡಲೂಬೇಡಿ. ನೈಟ್ರೋಫ್ಯುರಾಂಟಾಯಿನ್ ಮೂತ್ರದಲ್ಲಿ ಚೆನ್ನಾಗಿ ಸೇರುತ್ತದೆ, ಆದರೆ ಕಿಡ್ನಿಯ ಒಳಗೆ, ಪ್ರಾಸ್ಟೇಟ್ ಒಳಗೆ ಸಾಕಷ್ಟು ಹೋಗುವುದಿಲ್ಲ. ಜ್ವರ ಇದ್ದವರಿಗೆ ಅದು ಸಾಲದು. ಅಮಿಕಾಸಿನ್ ಕಿಡ್ನಿ, ಕಿವಿ ನೋಡಿಕೊಂಡು ಕೊಡುವಂಥದ್ದು. ಯಾವುದು ಅಂತ ಡಾಕ್ಟರೇ ಆರಿಸಲಿ.

ಮಗುವಿನ ಚಿಂತೆ ಬಿಡಿ. ಇದು ಶೀತದ ಹಾಗೆ ಗಾಳಿಯಲ್ಲಿ ಹಾರುವುದಿಲ್ಲ. ಕೈಯಿಂದ ಬಾಯಿಗೆ ಹೋಗಬಹುದು, ಹೋದರೂ ಕರುಳಿನಲ್ಲಿ ಸುಮ್ಮನೆ ಕೂತಿರುತ್ತದೆ. ನಮ್ಮ ದೇಶದಲ್ಲಿ ಗಟ್ಟಿಮುಟ್ಟಾಗಿರುವ ಎಷ್ಟೋ ಜನರ ಕರುಳಿನಲ್ಲಿ ಇಎಸ್‌ಬಿಎಲ್ ಇದೆ. ಶೌಚದ ನಂತರ, ಅಡುಗೆಗೆ ಮೊದಲು ಎಲ್ಲರೂ ಸೋಪು ಹಾಕಿ ಕೈ ತೊಳೆಯಿರಿ. ಮಗುವಿಗೆ ಯಾವ ಟೆಸ್ಟೂ ಬೇಡ, ಔಷಧಿಯೂ ಬೇಡ. ಅಜ್ಜನ ತೊಡೆ ಮೇಲೆ ಕೂರಲಿ.

ಕೊನೆಗೆ ರಿಪೋರ್ಟ್ ತಪ್ಪಿರಬಹುದಾ ಅನ್ನುವುದು. ಆಗುವುದುಂಟು, ಮುಚ್ಚಿಡುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತಲ್ಲ, ಆಗ ನಾನಿದ್ದ ಲ್ಯಾಬಿನಲ್ಲಿ ಕರೆಂಟ್ ಹೋಗಿ ಫ್ರಿಜ್ಜಿನಲ್ಲಿದ್ದ ಬಿಲ್ಲೆಗಳು ಬೆಚ್ಚಗಾದವು. ಕ್ಲಾವುಲಾನಿಕ್ ಆ್ಯಸಿಡ್ ಬಿಸಿಗೆ ಬೇಗ ಕೆಡುವಂಥದ್ದು. ಮೂರು ದಿನ ಬಿಟ್ಟು ಕೆಲಸ ಶುರುಮಾಡಿದರೆ ವೃತ್ತಗಳೆಲ್ಲ ಚಿಕ್ಕಚಿಕ್ಕವು. ತಾಳೆ ನೋಡಲೆಂದೇ ಪ್ರತಿ ಲ್ಯಾಬಿನಲ್ಲಿ ಸಾಕಿಕೊಂಡಿರುವ ಸಾಧು ಇ. ಕೋಲೈ ಒಂದಿರುತ್ತದೆ, ಅದರ ವೃತ್ತವೂ ಚಿಕ್ಕದು. ಆಗ ಗೊತ್ತಾಯಿತು, ಡಬ್ಬಿಗಟ್ಟಲೆ ಬಿಲ್ಲೆ ಕಸಕ್ಕೆ ಹಾಕಿದೆವು. ಆದರೆ ನಿಮ್ಮ ರಿಪೋರ್ಟಿನ ಚಿತ್ರ ಎಷ್ಟು ಮಾಮೂಲಿ ಅಂದರೆ ನನಗೆ ಅನುಮಾನ ಬರುವುದಿಲ್ಲ.

ಲ್ಯಾಬಿಗಿಂತ ಜಾಸ್ತಿ ತಪ್ಪಾಗುವುದು ಬಾಟ್ಲಿ ಲ್ಯಾಬಿಗೆ ಬರುವ ದಾರಿಯಲ್ಲಿ. ಮತ್ತೆ ಕಲ್ಚರ್ ಬರೆದುಕೊಟ್ಟರೆ ಔಷಧಿ ಶುರುಮಾಡುವ ಮೊದಲು ಹಿಡಿಯಿರಿ. ಮೊದಲು ಬರುವ ಮೂತ್ರ ಬಿಟ್ಟು ನಡುವಿನದ್ದು ಹಿಡಿಯಬೇಕು. ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಬೇಕು, ಹಾಗಾಗಿ ದಾದರ್ ತನಕ ಲೋಕಲ್‌ನಲ್ಲಿ ತರುವುದು ಬೇಡ, ಡೊಂಬಿವಲಿಯಲ್ಲೇ ಕೊಡಿ. ತಡವಾಗುತ್ತದೆ ಅನಿಸಿದರೆ ಫ್ರಿಜ್ಜಿನಲ್ಲಿಟ್ಟು, ಐಸ್ ಜೊತೆ ತನ್ನಿ. ಆ 20 ನಿಮಿಷದ ಲೆಕ್ಕ ಬಾಟ್ಲಿಯೊಳಗೂ ನಡೆಯುತ್ತಿರುತ್ತದೆ. ಒಬ್ಬರು ವಿರಾರ್ ಕಡೆಯಿಂದ ಮೇ ತಿಂಗಳಲ್ಲಿ, ಊಟದ ಡಬ್ಬಿ ಬಿಸಿಯಾಗಿ ಇರಲೆಂದು ಕೊಂಡ ದಪ್ಪ ಚೀಲದಲ್ಲಿ ಬಾಟ್ಲಿ ತಂದಿದ್ದರು, ಚಪಾತಿಯ ಪಕ್ಕದಲ್ಲೇ. ತಟ್ಟೆಯಲ್ಲಿ ಏನೇನೋ ಬೆಳೆಯಿತು. ಆ ರಿಪೋರ್ಟ್ ನಾನು ಕೊಡಲೇ ಇಲ್ಲ. ಇನ್ನೊಂದು ಖಾಲಿ ಬಾಟ್ಲಿ ಕೊಟ್ಟು ಕಳಿಸಿದೆ.